ಒಂದು ಬೆರಳಿನ ಪಾಲು

ಹೂಂಗುಟ್ಟುವವರು ಹತ್ತಿರ ಬಂದು ಕೂತುಕೊಳ್ಳಿ. ಹೂಂ ಅನ್ನುವವರಿಲ್ಲದೆ ನನಗೆ ಕತೆ ಬರುವುದಿಲ್ಲ, ಗೋಡೆಗೆ ಹೇಳಿದ ಹಾಗಾಗುತ್ತದೆ. ನಡುವೆ ಆಕಳಿಸಿದವರನ್ನು ನೋಡಿಟ್ಟುಕೊಂಡಿರುತ್ತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ.

ಬಹಳ ಬಹಳ ಹಿಂದೆ, ಕಡಲಿನ ನೀರಿಗೆ ಉಪ್ಪು ಇನ್ನೂ ಹದವಾಗಿ ಬೆರೆಯದಿದ್ದ ಕಾಲದಲ್ಲಿ, ತೆರೆನಾಡು ಎಂಬ ರಾಜ್ಯವಿತ್ತು. ಅದರ ರಾಜ ಮೇಘವರ್ಮ. ಅವನಿಗೆ ಒಬ್ಬನೇ ಮಗ. ಆ ಮಗ ಒಂದು ದಿನ ಹಡಗು ಹತ್ತಿ ಬಡಗಣ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಹುಡುಕಲು ಹೋದವರೂ ಬರಲಿಲ್ಲ. ರಾಜ ಅತ್ತು ಅತ್ತು ಸೋತು, ಕೊನೆಗೆ ಡಂಗುರ ಸಾರಿಸಿದ: "ಕೊಕ್ಕರೆಗುಡ್ಡದಿಂದ ಆಚೆಗೆ ಯಾರೂ ದೋಣಿ ಬಿಡಕೂಡದು."

ಆ ರಾಜ್ಯದ ಕಡಲಂಚಿನಲ್ಲಿ ಒಂದು ಮನೆ. ಮನೆಯ ಯಜಮಾನ ಜಟ್ಟಪ್ಪ. ಬಲೆ ಬೀಸುವುದರಲ್ಲಿ ಗಟ್ಟಿಗ, ಜಂಬದಲ್ಲಿ ಇನ್ನೂ ಗಟ್ಟಿಗ. ಅವನ ಹೆಂಡತಿ ಕುಪ್ಪಮ್ಮ. ಒಬ್ಬಳೇ ಮಗಳು ಮಂಕಾಳಿ, ದೋಣಿಗೆ ಹುಟ್ಟು ಹಾಕುವುದರಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ಇನ್ನು ಜಟ್ಟಪ್ಪನ ತಾಯಿ ಸುಬ್ಬಜ್ಜಿ. ಅವಳ ಬಾಯಿಗೆ ಹೆದರಿ ಕಾಗೆಗಳೂ ಅವರ ಅಂಗಳದಲ್ಲಿ ಒಣಹಾಕಿದ ಮೀನನ್ನು ಮುಟ್ಟುತ್ತಿರಲಿಲ್ಲ.

ಆ ನಾಡಿನ ಮೀನುಗಾರರಿಗೆ ಒಂದು ಕಟ್ಟಳೆಯಿತ್ತು. ದಡಕ್ಕೆ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಮನೆಯವರಿರಲಿ, ದಾರಿಹೋಕರಿರಲಿ, ಕೈ ಹಾಕಿದರೆ ಪಾಲುಂಟು. ಹಗ್ಗ ಮುಟ್ಟದವನು ಮಹಾರಾಜನಾದರೂ ಪಾಲಿಲ್ಲ. ಬಲೆಯ ಹೊಟ್ಟೆ ಮರಳು ಮುಟ್ಟಿದ ಮೇಲೆ, ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಕೂತು ಹಂಚಬೇಕು. ಈ ಕಟ್ಟಳೆಯನ್ನು ಮುರಿದವರನ್ನು ಕಡಲು ಮರೆಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಕಡಲ ಪೂಜೆ ಮುಗಿದ ಮರುದಿನ ಆ ನಾಡಿನಲ್ಲಿ ಯಾರೂ ಮಾರುವುದಕ್ಕೆಂದು ಮೀನು ಹಿಡಿಯುವುದಿಲ್ಲ. ಮನೆಮಂದಿಯೆಲ್ಲ ಒಂದೇ ದೋಣಿ ಹತ್ತಿ, ಕಡಲಂಚಿನಲ್ಲಿ ಸುತ್ತಾಡಿ, ಹಿಡಿದದ್ದನ್ನು ಮರಳ ಮೇಲೆಯೇ ಬೇಯಿಸಿ ಉಂಡು ಸಂಜೆಗೆ ಮನೆಗೆ ಬರುವುದು ವಾಡಿಕೆ. ಆ ವರ್ಷವೂ ಜಟ್ಟಪ್ಪನ ಮನೆಯವರು ಬೆಳಗಾಗುತ್ತಲೇ ಹೊರಟರು. ಅಕ್ಕಿ, ಮಡಕೆ, ತೆಂಗಿನಕಾಯಿ, ಮೆಣಸು, ಬಲೆ, ಎಲ್ಲ ದೋಣಿಗೆ ಬಂತು. ಅತ್ತೆ ಸೊಸೆಯ ಜಗಳವೂ ಬಂತು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋದವರಲ್ಲ.

"ಏ ಕುಪ್ಪಿ, ಉಪ್ಪು ತಗೊಂಡಿದ್ದೀಯೇನೇ? ನಿನ್ನ ಸಾರು ಕುಡಿದರೆ ಬಾವಿ ನೀರು ಕುಡಿದ ಹಾಗಿರುತ್ತೆ" ಎಂದಳು ಸುಬ್ಬಜ್ಜಿ.

"ತಗೊಂಡಿದ್ದೇನೆ ಅತ್ತೆ. ಉಪ್ಪು ಜಾಸ್ತಿ ತಿಂದರೆ ನಿಮ್ಮ ಬಾಯಿ ಇನ್ನೂ ಜೋರಾಗುತ್ತೆ ಅಂತ ಸ್ವಲ್ಪ ಕೈ ಹಿಡಿದು ಹಾಕ್ತೇನೆ, ಅಷ್ಟೇ" ಎಂದಳು ಕುಪ್ಪಮ್ಮ.

ಮಂಕಾಳಿ ಹುಟ್ಟು ಹಾಕುತ್ತ ನಕ್ಕಳು. ಅಜ್ಜಿ ಕೆಣಕುವುದು, ಅವ್ವ ತಿರುಗಿಸಿ ಕೊಡುವುದು, ಹುಟ್ಟಿದಾಗಿನಿಂದ ಅವಳು ಕೇಳಿಕೊಂಡು ಬಂದದ್ದು.

ದೋಣಿ ಕೊಕ್ಕರೆಗುಡ್ಡದ ಹತ್ತಿರ ಬರುವಾಗ ನೀರು ಬೆಳ್ಳಗೆ ಕುದಿಯತೊಡಗಿತು. ಬಂಗುಡೆ ಮೀನಿನ ಹಿಂಡು! ಹಿಂಡು ಗುಡ್ಡವನ್ನು ಬಳಸಿ ಬಡಗಲಿಗೆ ಹೊರಟಿತು.

"ಬೇಡ ಮಗಾ" ಎಂದಳು ಸುಬ್ಬಜ್ಜಿ. "ರಾಜನ ಡಂಗುರ ಕೇಳಲಿಲ್ವಾ? ಇಲ್ಲೇ ಎರಡು ಏಡಿ ಹಿಡಿದು ಉಂಡು ಹೋಗೋಣ."

"ರಾಜನಿಗೇನು ಗೊತ್ತು ಮೀನಿನ ವಿಷಯ? ಈ ಜಟ್ಟಪ್ಪ ಕಾಣದ ಕಡಲು ಉಂಟಾ ಅಮ್ಮ?" ಎಂದು ಜಟ್ಟಪ್ಪ ಚುಕ್ಕಾಣಿ ತಿರುಗಿಸಿದ. ಹಾಳು ಜಂಬ ಅವನನ್ನು ಅಲ್ಲಿಗೆ ಎಳೆದೊಯ್ದಿತು.

ಗುಡ್ಡದಾಚೆ ಒಂದು ಸಣ್ಣ ದಡ. ಬಲೆಯನ್ನು ದೋಣಿಯಿಂದ ಕಡಲಿಗೆ ಬಿಡುತ್ತ ಅರ್ಧಚಂದ್ರದ ಹಾಗೆ ಸುತ್ತಿಸಿ, ಎರಡು ತುದಿಯ ಹಗ್ಗವನ್ನೂ ದಡಕ್ಕೆ ತಂದರು. ಒಂದು ಹಗ್ಗಕ್ಕೆ ಗಂಡ ಹೆಂಡತಿ, ಇನ್ನೊಂದಕ್ಕೆ ಅಜ್ಜಿ ಮೊಮ್ಮಗಳು. ಎಳೆದರು, ಎಳೆದರು, ಬಲೆ ಅಲ್ಲಾಡಲಿಲ್ಲ. ಅಷ್ಟು ಮೀನು. ಅಂಗೈ ಸುಲಿಯಿತು.

ಆಗ ಒಂದು ಬಂಡೆಯ ಮರೆಯಿಂದ ಬಿಳಿ ಶಾಲು ಹೊದ್ದ ಒಬ್ಬ ಗಂಡಸು ಬಂದ. ಕಾಲು ಒದ್ದೆಯಾಗಿರಲಿಲ್ಲ, ಉಗುರಿನಲ್ಲಿ ಒಂದು ಚೂರು ಮಣ್ಣಿರಲಿಲ್ಲ. ಜಟ್ಟಪ್ಪನ ಹಗ್ಗದ ಮೇಲೆ ಒಂದು ಬೆರಳಿಟ್ಟ. ಬಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸರಸರನೆ ದಡಕ್ಕೆ ಬಂತು.

ಸುಬ್ಬಜ್ಜಿ ಅವನನ್ನು ಕಾಣಲಿಲ್ಲ. ಅವಳು ಹಗ್ಗ ಬಿಟ್ಟವಳೇ ಸೊಂಟ ಹಿಡಿದುಕೊಂಡು ಒಲೆಗೆ ಸೌದೆ ಆರಿಸಲು ಹೋಗಿದ್ದಳು. ಹಿರಿಯರು ಹಂಚಬೇಕು ಎಂಬ ಕಟ್ಟಳೆಯನ್ನು ಗಾಳಿಗೆ ತೂರಿ ಜಟ್ಟಪ್ಪ ತಾನೇ ಹಂಚಲು ಕೂತ. ದೋಣಿಗೆ, ಬಲೆಗೆ, ತನಗೆ, ತಾಯಿಗೆ, ಹೆಂಡತಿಗೆ, ಮಗಳಿಗೆ. ಮುಗಿಯಿತು ಎಂದು ಕೈ ಕೊಡವಿದ.

"ನನ್ನ ಪಾಲು?" ಎಂದ ಶಾಲಿನವನು.

ಜಟ್ಟಪ್ಪ ನಕ್ಕ. "ಒಂದು ಬೆರಳು ಸೋಕಿಸಿದ್ದಕ್ಕೆ ಪಾಲೇ? ನೊಣವೂ ಹಗ್ಗದ ಮೇಲೆ ಕೂತಿತ್ತು ಮಾರಾಯ, ಅದಕ್ಕೂ ಕೊಡಲಾ?"

"ನನ್ನ ಪಾಲು" ಎಂದ ಅವನು ಎರಡನೆಯ ಸಲ.

"ಅಪ್ಪ, ಒಂದು ಮೀನು ಕೊಟ್ಟುಬಿಡು" ಎಂದಳು ಮಂಕಾಳಿ. ಅವಳಿಗೆ ಅವನ ಉಗುರು ನೋಡಿ ಮೈ ಜುಮ್ಮೆಂದಿತ್ತು.

"ನೀನು ಸುಮ್ಮನಿರು."

"ನನ್ನ ಪಾಲು" ಎಂದ ಅವನು ಮೂರನೆಯ ಸಲ. ಜಟ್ಟಪ್ಪ ಬೆನ್ನು ತಿರುಗಿಸಿದ.

"ಸರಿ" ಎಂದ ಶಾಲಿನವನು. "ಕೊಡದಿದ್ದರೆ ನಾನೇ ಆರಿಸಿಕೊಳ್ಳುತ್ತೇನೆ. ಕಟ್ಟಳೆ ಮುರಿದವನು ನೀನು, ನಾನಲ್ಲ. ನನಗೆ ಎಳೆಯುವ ಕೈಗಳು ಬೇಕು." ಅವನು ಬೆರಳೆತ್ತಿ ನೀರಿನ ಕಡೆ ತೋರಿಸಿದ. ಅಲ್ಲಿ ಕುಪ್ಪಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ತೊಳೆಯುತ್ತಿದ್ದಳು. ಒಂದು ತೆರೆ ಎದ್ದು ಅವಳನ್ನು ಸೊಂಟಕ್ಕೆ ಸುತ್ತಿಕೊಂಡಿತು. "ಮಂಕಾಳೀ!" ಎಂಬ ಕೂಗು ಕೇಳಿತು. ತೆರೆ ಬಡಗಲಿಗೆ ಓಡಿತು. ಅವಳು ಇರಲಿಲ್ಲ. ಬುಟ್ಟಿ ಮಾತ್ರ ತೇಲುತ್ತಿತ್ತು.

"ನನ್ನ ಹಗ್ಗ ಹಿಡಿದವರ ಅಂಗೈಯಲ್ಲಿ ಹೊತ್ತು ಮುಳುಗುವಾಗ ಹಗ್ಗ ಬೇರು ಬಿಡುತ್ತದೆ" ಎಂದ ಅವನು. "ಆಮೇಲೆ ಮನೆಮಠ, ಮಗಳು, ಗಂಡ, ಯಾವುದೂ ಅವಳಿಗೆ ನೆನಪಿರುವುದಿಲ್ಲ. ಅಳುವುದಿದ್ದರೆ ಈಗಲೇ ಅತ್ತುಬಿಡಿ." ಹಾಗೆಂದು ಅವನೂ ಮಾಯವಾದ. ಅವನೇ ಬೆರಳಯ್ಯ, ಬಡಗಣ ಕಡಲಿನ ಮಾಂತ್ರಿಕ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇವನ ಕೈಗೆ ಹುಟ್ಟಿದಾಗಿನಿಂದ ಕೆಸರು ತಗಲಿರಲಿಲ್ಲ, ಬಾಯಿ ತುಂಬ ಮಾತ್ರ ಮೊಸರು.

ಸೌದೆ ಹೊತ್ತು ಬಂದ ಸುಬ್ಬಜ್ಜಿ ನಡೆದದ್ದನ್ನು ಕೇಳಿ ಸೌದೆಯನ್ನು ಅಲ್ಲೇ ಚೆಲ್ಲಿದಳು. "ಅಯ್ಯೋ ಪಾಪಿ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೆ ಬರುತ್ತೇನೋ? ಒಂದು ಬಂಗುಡೆ ಕೊಡಲಾಗದೆ ನನ್ನ ಸೊಸೆಯನ್ನು ಕೊಟ್ಟೆಯಲ್ಲೋ!" ಎಂದು ಎದೆ ಬಡಿದುಕೊಂಡಳು. ಜಟ್ಟಪ್ಪ ಮರಳಿನ ಮೇಲೆ ಕುಸಿದು, "ನನ್ನ ನಾಲಿಗೆ ಸೇದಿಹೋಗಲಿ" ಎಂದು ತಲೆ ಚಚ್ಚಿಕೊಂಡ.

"ಅಪ್ಪ, ಏಳು. ಹೊತ್ತು ನೆತ್ತಿಗೆ ಬರ್ತಾ ಇದೆ" ಎಂದಳು ಮಂಕಾಳಿ. ಅವಳೇ ಹೋಗಿ ಚುಕ್ಕಾಣಿ ಹಿಡಿದಳು. "ಅಜ್ಜಿ, ಮೀನು ಅಕ್ಕಿ ಎಲ್ಲ ದೋಣಿಗೆ ಹಾಕು. ಅವ್ವನನ್ನು ಬಿಡಿಸಿಕೊಂಡು ಅಲ್ಲೇ ಅಡಿಗೆ ಮಾಡೋಣ."

ಮೂವರೂ ಬಡಗಲಿಗೆ ದೋಣಿ ಬಿಟ್ಟರು.

ಸ್ವಲ್ಪ ದೂರ ಹೋಗುವುದರೊಳಗೆ ಮಂಜು ಕವಿಯಿತು. ಎಂಥ ಮಂಜು! ಹುಟ್ಟು ಹಾಕುವವರಿಗೆ ತಮ್ಮ ಕೈಯೇ ಕಾಣಿಸದಂಥದ್ದು. ಆ ಮಂಜಿನ ಒಳಗೆ ನೀರು ಬಂಡೆಗೆ ಬಡಿಯುವ ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಅಷ್ಟರಲ್ಲಿ ಎಡಗಡೆಯಿಂದ ಕುಪ್ಪಮ್ಮನ ದನಿ ಕೇಳಿತು: "ಮಗಳೇ, ಇಲ್ಲಿದ್ದೇನೆ, ಇತ್ತ ಬಾ." ಜಟ್ಟಪ್ಪ ಎದ್ದು ನಿಂತ. ಬಲಗಡೆಯಿಂದಲೂ ಅದೇ ದನಿ: "ಇಲ್ಲ ಮಗಳೇ, ಇತ್ತ ಬಾ." ಹಿಂದಿನಿಂದಲೂ ಅದೇ ದನಿ. ಮೂರೂ ಅಚ್ಚು ಅವಳದೇ. ಮಂಕಾಳಿಗೆ ಅಳು ಬಂತು. ಯಾವ ಕಡೆಗೆ ತಿರುಗಿಸುವುದು? ತಪ್ಪಿದರೆ ದೋಣಿ ಬಂಡೆಗೆ ಬಡಿದು ಚೂರು.

ಸುಬ್ಬಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ತಡಿ, ನಾನು ಕೇಳ್ತೇನೆ. ಏ ಕುಪ್ಪಿ! ನಿನ್ನ ಸಾರಿಗೆ ಉಪ್ಪಿಲ್ಲ, ನಿನಗೆ ಮೀನು ಕೊಯ್ಯೋಕೂ ಬರೋಲ್ಲ, ನಿನ್ನ ತವರಿನವರಿಗೂ ಬರ್ತಿರಲಿಲ್ಲ!"

"ಹೌದು ಅತ್ತೆ, ತಪ್ಪಾಯಿತು" ಎಂದಿತು ಎಡಗಡೆಯ ದನಿ. "ಕ್ಷಮಿಸಿ ಅತ್ತೆ" ಎಂದಿತು ಬಲಗಡೆಯದು. "ನೀವು ಹೇಳಿದ್ದೇ ಸರಿ ಅತ್ತೆ" ಎಂದಿತು ಹಿಂದಿನದು.

"ಥೂ!" ಎಂದು ಅಜ್ಜಿ ನೀರಿಗೆ ಉಗುಳಿದಳು. "ನನ್ನ ಸೊಸೆ ಮದುವೆಯಾದಾಗಿನಿಂದ ಒಂದು ಸಲವೂ ತಪ್ಪಾಯಿತು ಅಂದವಳಲ್ಲ. ತವರಿನ ಸುದ್ದಿ ಎತ್ತಿದರೆ ನನ್ನ ಜುಟ್ಟು ಹಿಡಿಯೋಕೆ ಬರ್ತಾಳೆ. ಮೂರೂ ಸುಳ್ಳು. ದನಿ ಇಲ್ಲದ ಕಡೆಗೆ ನಡಿ ಮಗಾ, ನೆಟ್ಟಗೆ!"

ಮಂಕಾಳಿ ಕಣ್ಣು ಮುಚ್ಚಿ ನೆಟ್ಟಗೆ ದೋಣಿ ಬಿಟ್ಟಳು. ಎರಡೂ ಬದಿಯಲ್ಲಿ ಬಂಡೆಗಳು ದೋಣಿಯನ್ನು ಉಜ್ಜಿಕೊಂಡು ಹೋದವು. ಮಂಜು ಹರಿಯಿತು. ನೋಡಿದರೆ ಹೊತ್ತು ನೆತ್ತಿಯಿಂದ ಆಗಲೇ ಜಾರಿತ್ತು.

ಎದುರಿಗೆ ಎರಡು ಕರಿ ಬಂಡೆಗಳ ನಡುವೆ ಒಂದು ಕಿರಿದಾದ ದಾರಿ. ಆ ದಾರಿಯ ತುಂಬ ಒಂದು ಏಡಿ ಕೂತಿತ್ತು. ಮನೆಯಷ್ಟು ದೊಡ್ಡ ಏಡಿ. ಕೊಂಡಿ ಚಾಚಿ ದೋಣಿಯ ಮೂತಿಯನ್ನು ಹಿಡಿಯಿತು. ಹಲಗೆ ಲಟಲಟ ಅಂದಿತು.

"ಒಂದು ಕೈ ಕೊಟ್ಟು ಹೋಗಿ" ಎಂದಿತು ಏಡಿ. "ಭುಜದವರೆಗೆ. ಇಲ್ಲಿ ಕೈ ಕೊಡದೆ ಯಾರೂ ಹೋಗಿಲ್ಲ. ಬೆರಳಯ್ಯನ ಅಪ್ಪಣೆ."

ಜಟ್ಟಪ್ಪ ಎದ್ದು ಬಂದು ತನ್ನ ಬಲಗೈ ಚಾಚಿದ. ಅವನ ಮುಖದಲ್ಲಿ ಜಂಬದ ಪಸೆ ಇರಲಿಲ್ಲ. "ನನ್ನದು ತಗೋ. ತಪ್ಪು ಹಂಚಿದ್ದು ಈ ಕೈಯೇ" ಎಂದ.

"ಅಪ್ಪ, ನಿಲ್ಲು!" ಎಂದಳು ಮಂಕಾಳಿ. ಅವಳು ಏಡಿಯ ಕಣ್ಣು ನೋಡುತ್ತಿದ್ದಳು. ಅದರಿಂದ ನೀರು ಸೋರುತ್ತಿತ್ತು. ಬೆನ್ನ ಚಿಪ್ಪು ಅಂಚಿನಲ್ಲಿ ಬಿರಿದು, ಅದರ ಸುತ್ತ ಒಂದು ಕರಿ ಹಗ್ಗ ಬಿಗಿದು ಕಟ್ಟಿತ್ತು. ಏಡಿ ಬೆಳೆದಾಗ ಹಳೆ ಚಿಪ್ಪು ಕಳಚಿ ಹೊಸದು ತೊಡುತ್ತದೆ ಎಂದು ಮೀನುಗಾರರ ಮನೆಯ ಕೂಸಿಗೂ ಗೊತ್ತು. ಇದಕ್ಕೆ ಕಳಚಲು ಬಿಟ್ಟಿರಲಿಲ್ಲ.

ಏಡಿಯನ್ನು ಹಿಡಿಯುವುದಾದರೆ ಹಿಂದಿನಿಂದ ಹಿಡಿಯಬೇಕು, ಕೊಂಡಿ ಅಲ್ಲಿಗೆ ತಿರುಗುವುದಿಲ್ಲ. ಮಂಕಾಳಿ ಮೀನು ಕೊಯ್ಯುವ ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗೆ ಧುಮುಕಿದಳು. ಏಡಿಯ ಹೊಟ್ಟೆಯ ಕೆಳಗೆ ಮುಳುಗಿ ಹಿಂದಿನಿಂದ ಬೆನ್ನಿಗೆ ಹತ್ತಿದಳು. ಏಡಿ ಸಿಟ್ಟಾಗಿ ಕೊಂಡಿ ಬೀಸಿತು. ಕೊಂಡಿ ಅವಳ ಜಡೆಯ ತುದಿಯನ್ನು ಕತ್ತರಿಸಿತು, ಕುತ್ತಿಗೆಗೆ ಎಟುಕಲಿಲ್ಲ. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಮಂಕಾಳಿ ಕರಿ ಹಗ್ಗವನ್ನು ಗರಗರ ಕೊಯ್ದಳು. ಕೊನೆಯ ಎಳೆ ಹರಿದ ಕೂಡಲೇ ಚಿಪ್ಪು ಎರಡಾಯಿತು, ಒಳಗಿನಿಂದ ಮೆತ್ತಗಿನ ಕೆಂಪು ಏಡಿ ಹೊರಬಂದು ಉಸ್ಸೆಂದು ಉಸಿರುಬಿಟ್ಟಿತು.

"ತಾಯೀ, ಅವನು ಕಟ್ಟಿಹಾಕಿದ ಮೇಲೆ ನಾನು ನಿದ್ದೆ ಮಾಡಿಲ್ಲ" ಎಂದಿತು ಏಡಿ. ದೋಣಿಯ ಹಗ್ಗವನ್ನು ಕೊಂಡಿಯಲ್ಲಿ ಹಿಡಿದು ಬಂಡೆಗಳಾಚೆಗೆ ಎಳೆದುಬಿಟ್ಟಿತು. "ಒಂದು ಮಾತು ಕೇಳು. ಬೆರಳಯ್ಯನ ಹಗ್ಗ ಮುಟ್ಟಿದವರು ಪಾಲು ಕೈಗೆ ಬರುವ ತನಕ ಅದನ್ನು ಬಿಡಲಾರರು. ಅವನು ಪಾಲು ಕೊಟ್ಟವನೇ ಅಲ್ಲ. ಬಲೆ ಮರಳು ಮುಟ್ಟಿದರೆ ತಾನೆ ಪಾಲು? ಅವನು ಅದನ್ನು ಮುಟ್ಟಗೊಡುವುದಿಲ್ಲ. ಇನ್ನೇನು ಮುಟ್ಟಿತು ಅನ್ನುವಾಗ ಒಳಗೆ ಬಂದ ಬೆಳ್ಳಿಯನ್ನು ಬೆರಳಿನಲ್ಲೇ ಸೆಳೆದುಕೊಂಡು 'ಇಳಿಯಿರಿ' ಎಂದು ಕೂಗುತ್ತಾನೆ. ಅವರು ನೀರಿಗಿಳಿಯುತ್ತಾರೆ, ಬಲೆ ಹಿಂದಕ್ಕೆ ಹೋಗುತ್ತದೆ."

ಏಡಿ ಹೊರಡುವಷ್ಟರಲ್ಲಿ ಜಟ್ಟಪ್ಪ ಗಡಬಡಿಸಿ ಕೂಗಿದ: "ನಿಲ್ಲು ನಿಲ್ಲು! ನೀನು ಹಗ್ಗಕ್ಕೆ ಕೈ ಹಾಕಿದ್ದೀಯ. ಅಮ್ಮ, ಅದರ ಪಾಲು ಕೊಡು." ಸುಬ್ಬಜ್ಜಿ ಒಳ್ಳೊಳ್ಳೆ ಬಂಗುಡೆಗಳನ್ನೇ ಆರಿಸಿ ಕೊಟ್ಟಳು. ಏಡಿ ತಿಂದು, ತೃಪ್ತಿಯಾಗಿ, ಮುಳುಗಿತು.

ಮುಂದೆ ಬೆರಳಯ್ಯನ ದಡ. ಎತ್ತರದಲ್ಲಿ ಬೆಳ್ಳಿಯ ಅರಮನೆ. ಕೆಳಗೆ ಎರಡು ಸಾಲಿನಲ್ಲಿ ನೂರಾರು ಜನ, ಎರಡು ಕರಿ ಹಗ್ಗ ಹಿಡಿದು ಎಳೆಯುತ್ತಿದ್ದರು. ಅವರ ಅಂಗೈಯೂ ಹಗ್ಗವೂ ಒಂದಾಗಿ ಹೋಗಿದ್ದವು. ಯಾರ ಕಣ್ಣಿನಲ್ಲೂ ನೋಟವಿರಲಿಲ್ಲ. ನಡುವೆ ಹರಿದ ಜರತಾರಿ ಅಂಗಿಯ ಒಬ್ಬ ತರುಣನಿದ್ದ. ಒಂದು ಸಾಲಿನ ಕೊನೆಯಲ್ಲಿ ಕುಪ್ಪಮ್ಮ ನಿಂತಿದ್ದಳು. ಹೊತ್ತು ಕಡಲಿಗೆ ಒಂದು ಗೇಣು ಮೇಲಿತ್ತು.

"ಅವ್ವಾ!" ಎಂದು ಮಂಕಾಳಿ ಓಡಿದಳು. ಕುಪ್ಪಮ್ಮ ತಿರುಗಿ ನೋಡಿದಳು. "ಯಾರಮ್ಮ ನೀನು? ಎಲ್ಲೋ ನೋಡಿದ ಹಾಗಿದೆ" ಎಂದಳು. ಅವಳ ಬೆರಳುಗಳು ಆಗಲೇ ಹಗ್ಗಕ್ಕೆ ಅಂಟಿದ್ದವು.

ಹೆತ್ತ ತಾಯಿ ಯಾರಮ್ಮ ಅಂದರೆ ಹೇಗಾಗಬೇಡ? ಬೆರಳಯ್ಯ ಕಲ್ಲಿನ ಮೇಲೆ ಕೂತು ನಗುತ್ತಿದ್ದ. "ಬಂದಿರಾ? ಅವಳು ನನ್ನ ಪಾಲು. ಕಟ್ಟಳೆಯಂತೆ ಬಂದದ್ದು."

"ಹೌದು. ತಪ್ಪು ನಮ್ಮದೇ" ಎಂದಳು ಮಂಕಾಳಿ. "ಕಟ್ಟಳೆ ಕಟ್ಟಳೆಯೇ. ಹಾಗಾದರೆ ಇಗೋ, ನಾನೂ ಹಗ್ಗ ಮುಟ್ಟಿದೆ." ಅವ್ವನ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟಳು. ಹಗ್ಗ ತಣ್ಣಗೆ ಅಂಗೈಗೆ ಕಚ್ಚಿಕೊಂಡಿತು. ಇನ್ನೊಂದು ಹಗ್ಗಕ್ಕೆ ಜಟ್ಟಪ್ಪ ಎರಡೂ ಕೈ ಹಾಕಿದ.

"ಎಳೆಯಿರಿ, ಎಳೆಯಿರಿ. ನನಗೇನು ನಷ್ಟ? ಇನ್ನೂ ಮೂರು ಜೊತೆ ಕೈ" ಎಂದು ಬೆರಳಯ್ಯ ನಕ್ಕ.

"ಎರಡೇ ಜೊತೆ" ಎಂದಳು ಸುಬ್ಬಜ್ಜಿ. ಅವಳು ದೋಣಿಯ ಅಂಚಿನ ಮೇಲೆ ನಿಂತಿದ್ದಳು. "ಎಳೆಯುವಾಗ ಪದ ಹೇಳೋರು ಒಬ್ಬರು ಬೇಡವಾ? ನಿನ್ನಂಥ ಸೋಮಾರಿಗೆ ಅದೆಲ್ಲಿ ಗೊತ್ತು!" ಅವಳು ಗಂಟಲೆತ್ತಿ ಕೂಗಿದಳು:

"ಯಾರ ಕೈಯೋ ಹಗ್ಗದ ಮೇಲೆ?
ಯಾರ ಪಾಲೋ ಬಲೆಯ ಒಳಗೆ?"

ಮಂಕಾಳಿಯೂ ಜಟ್ಟಪ್ಪನೂ ಕೂಗಿದರು: "ನನ್ನ ಕೈಯೋ ಹಗ್ಗದ ಮೇಲೆ! ನನ್ನ ಪಾಲೋ ಬಲೆಯ ಒಳಗೆ!"

ಎಳೆಯುವವರು ಒಂದು ಕ್ಷಣ ತಡೆದರು. ಅಜ್ಜಿ ಮತ್ತೆ ಕೇಳಿದಳು. ಈ ಸಲ ಜರತಾರಿ ಅಂಗಿಯವನು ತೊದಲಿದ: "ನನ್ನ... ಕೈಯೋ." ಅವನ ಹಿಂದಿನವಳು ಹೇಳಿದಳು. ಅವಳ ಹಿಂದಿನ ಮುದುಕ ಹೇಳಿದ. ಮರೆತು ಎಷ್ಟೋ ಕಾಲವಾದ ಪದ ಅವರ ಬಾಯಿಗೆ ಬಂತು. ಸಾಲು ಸಾಲೇ ಮೇಲಕ್ಕೆ ಹೆಜ್ಜೆ ಹಾಕಿತು. ಬಲೆಯ ಹೊಟ್ಟೆ ತೆರೆಯ ಮೇಲೆ ಕಾಣಿಸಿತು.

ಬೆರಳಯ್ಯ ಎದ್ದು ನಿಂತು "ಇಳಿಯಿರಿ!" ಎಂದು ಕೂಗಿದ. ಅಜ್ಜಿಯ ದನಿ ಅವನ ದನಿಯನ್ನು ನುಂಗಿತು. ಅವನು ಬೆರಳೆತ್ತಿ ಅಜ್ಜಿಯ ಕಡೆ ತೋರಿಸಿದ. ಪದದ ನಡುವೆಯೇ ಅಜ್ಜಿಯ ದನಿ ಆರಿಹೋಯಿತು. ಬಾಯಿ ಆಡುತ್ತಿತ್ತು, ಸದ್ದಿಲ್ಲ.

"ಇಳಿಯಿರಿ!" ಎಂದ ಬೆರಳಯ್ಯ ಮತ್ತೆ. ಸಾಲು ನಿಂತಿತು. ಒಂದು ಹೆಜ್ಜೆ ನೀರಿನ ಕಡೆಗೆ ಜಾರಿತು. ಹೊತ್ತು ಕಡಲಿಗೆ ನಾಲ್ಕು ಬೆರಳು ಮೇಲಿತ್ತು. ಮಂಕಾಳಿ ಕಾಲೂರಿ ನಿಂತು ಇದ್ದ ಬಲವನ್ನೆಲ್ಲ ಹಗ್ಗಕ್ಕೆ ಹಾಕಿದಳು.

ಆಗ ಅವಳ ಪಕ್ಕದಿಂದಲೇ ಒಂದು ದನಿ ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅತ್ತೆ ಒಂದು ಮಾತಾಡಿದರೆ ಮರುಮಾತು ಕೊಡದೆ ಇದ್ದು ಗೊತ್ತಿಲ್ಲದ ಬಾಯಿ ಅದು. ಅತ್ತೆ ಕೇಳಿ ಅರ್ಧಕ್ಕೇ ನಿಲ್ಲಿಸಿದ ಪ್ರಶ್ನೆ ಅದರ ಒಳಗೆ ಎಲ್ಲೋ ಚುಚ್ಚಿತ್ತು.

"ನನ್ನ ಕೈಯೋ ಹಗ್ಗದ ಮೇಲೆ!" ಎಂದಳು ಕುಪ್ಪಮ್ಮ. ದೋಣಿಯ ಕಡೆ ತಿರುಗಿ, "ಏನತ್ತೆ, ಇವತ್ತು ಇಷ್ಟು ಬೇಗ ಬಾಯಿ ಮುಚ್ಚಿಬಿಟ್ಟಿರಿ? ಹುಷಾರಿಲ್ವಾ? ಯಾರ ಪಾಲೋ ಬಲೆಯ ಒಳಗೆ?"

"ನನ್ನ ಪಾಲೋ!" ಎಂದಿತು ಇಡೀ ದಡ.

ಬಲೆ ಮೇಲೆ ಮೇಲೆ ಬಂತು. ಮಂಕಾಳಿ ಕಣ್ಣೊರೆಸಿಕೊಳ್ಳಲೂ ಕೈಯಿಲ್ಲದೆ ನಗುತ್ತ ಅಳುತ್ತ ಎಳೆದಳು. ಎಳೆಯುತ್ತಲೇ ಬೆರಳಯ್ಯನನ್ನು ಕೇಳಿದಳು: "ಅಯ್ಯಾ, ಹಗ್ಗ ಮುಟ್ಟದವನಿಗೆ ಪಾಲಿಲ್ಲ. ಬಲೆ ಈಗ ಮರಳು ಮುಟ್ಟುತ್ತೆ. ಈ ದಡ, ಆ ಅರಮನೆ, ಎಲ್ಲ ಇವರು ಎಳೆದು ತಂದದ್ದು. ನಿನ್ನದು ಏನುಂಟು?"

ಬೆರಳಯ್ಯನ ಮುಖ ಬಿಳಿಚಿತು. ಬಲೆಗೂ ಮರಳಿಗೂ ಒಂದು ಮೊಳ ಉಳಿದಿತ್ತು. ಶಾಲು ಬಿದ್ದದ್ದೂ ತಿಳಿಯದೆ ಓಡಿ ಬಂದು ಹಗ್ಗದ ಮೇಲೆ ಬೆರಳಿಟ್ಟ. ಅದೇ ಒಂದು ಬೆರಳು. "ನಾನೂ ಮುಟ್ಟಿದೆ! ನನಗೂ ಪಾಲುಂಟು!" ಹಗ್ಗ ಅವನ ಬೆರಳನ್ನು ಕಚ್ಚಿಕೊಂಡಿತು. ಬಲೆ ಮರಳು ಮುಟ್ಟಿತು.

ಸುಬ್ಬಜ್ಜಿ ದೋಣಿಯಿಂದಿಳಿದು ಬಂದು ಬಲೆಯ ಬಾಯಿ ಬಿಚ್ಚಿದಳು. ಅಲ್ಲಿದ್ದವರಲ್ಲಿ ಹಿರಿಯಳು ಅವಳೇ. ಮಾತಿಲ್ಲದೆ ಹಂಚಿದಳು. ಪಾಲು ಅಂಗೈಗೆ ಬಿದ್ದವರ ಕೈ ಹಗ್ಗದಿಂದ ಕಳಚಿತು, ಕಣ್ಣಿಗೆ ನೋಟ ಬಂತು. ಒಬ್ಬೊಬ್ಬರೂ ತಮ್ಮ ಹೆಸರು ಹೇಳಿಕೊಂಡು ಅತ್ತರು. ಜರತಾರಿ ಅಂಗಿಯವನು ಮೇಘವರ್ಮನ ಮಗನೇ ಆಗಿದ್ದ. ಅವನಿಗೂ ಎಲ್ಲರಷ್ಟೇ ಪಾಲು. ಕುಪ್ಪಮ್ಮನ ಕೈ ಕಳಚಿದ ಕೂಡಲೇ ಅವಳು ಮಗಳನ್ನು ಅಪ್ಪಿಕೊಂಡು, "ನಿನ್ನ ಜಡೆ ಯಾರೇ ಕತ್ತರಿಸಿದ್ದು?" ಎಂದು ಕೇಳಿದಳು.

ಕೊನೆಗೆ ಉಳಿದವನು ಬೆರಳಯ್ಯ ಒಬ್ಬನೇ. "ಅವನಿಗೆ ಕೊಡಬೇಡಿ!" ಎಂದು ಜನ ಕೂಗಿದರು. ಕಲ್ಲೆತ್ತಿದರು. ಇಳಿನೀರು ಶುರುವಾಗಿ ಖಾಲಿ ಬಲೆ ಮೆಲ್ಲಗೆ ಕಡಲ ಕಡೆಗೆ ಸರಿಯುತ್ತಿತ್ತು.

ಜಟ್ಟಪ್ಪ ಅಡ್ಡ ನಿಂತ. "ಕೊಡಬೇಕು. ಕೊಡದೆ ಏನಾಯಿತು ಅಂತ ನನ್ನನ್ನು ಕೇಳಿ" ಎಂದ. ಅಜ್ಜಿ ಒಂದು ಬೂತಾಯಿ ಮೀನು ಆರಿಸಿ ಸೊಸೆಯ ಕೈಗೆ ಕೊಟ್ಟಳು. ಕುಪ್ಪಮ್ಮ ಅದನ್ನು ಹಿಡಿದು ಬೆರಳಯ್ಯನ ಎದುರು ನಿಂತಳು.

"ತಗೋ ಅಯ್ಯಾ. ಒಂದು ಬೆರಳಿಗೆ ಒಂದು ಮೀನು. ಬೆಳಿಗ್ಗೆ ನಮ್ಮವರು ಕೊಡಬೇಕಾಗಿದ್ದೂ ಇದೇ."

"ಒಂದು ಬೂತಾಯಿ? ನ-ನ-ಗೆ?" ಎಂದು ಬೆರಳಯ್ಯ ಕಿರುಚಿದ. "ಇದೆಲ್ಲ ನನ್ನದು! ಈ ಕಡಲೇ ನನ್ನದು!"

"ತಗೋ" ಎಂದಳು ಅವಳು ಎರಡನೆಯ ಸಲ. ಬಲೆ ಸರಿಯಿತು. ಅವನ ಕಾಲು ನೀರಿನಲ್ಲಿತ್ತು.

"ತಗೋ ಮಾರಾಯ, ಕೈ ಬಿಡಿಸಿಕೊಂಡು ಹೋಗು" ಎಂದಳು ಮೂರನೆಯ ಸಲ. ನಿಜಕ್ಕೂ ಅವಳಿಗೆ ಅಯ್ಯೋ ಅನ್ನಿಸಿತ್ತು.

ಬೆರಳಯ್ಯ ಆ ಮೀನನ್ನು ಅವಳ ಕೈಯಿಂದ ತಟ್ಟಿ ಬೀಳಿಸಿದ. ಹೊತ್ತು ಮುಳುಗಿತು. ಹಗ್ಗ ಅವನ ಬೆರಳಿನಲ್ಲಿ ಬೇರು ಬಿಟ್ಟಿತು. ಇಳಿನೀರು ಬಲೆಯನ್ನು ಎಳೆಯಿತು, ಬಲೆ ಹಗ್ಗವನ್ನು ಎಳೆಯಿತು, ಹಗ್ಗ ಅವನನ್ನು ಎಳೆಯಿತು. ಮಾಡಿದ್ದುಣ್ಣೋ ಮಹಾರಾಯ. ಅವನ ಹಿಂದೆಯೇ ಬೆಳ್ಳಿಯ ಅರಮನೆ ನೊರೆಯಾಗಿ ಕರಗಿಹೋಯಿತು.

ಆ ಕ್ಷಣಕ್ಕೆ ಸುಬ್ಬಜ್ಜಿಯ ದನಿ ತಿರುಗಿ ಬಂತು. ಸೊಸೆಯ ಎರಡೂ ಅಂಗೈ ಹಿಡಿದು ನೋಡಿದಳು, ಹಗ್ಗದ ಬರೆಯ ಮೇಲೆ ಬೆರಳಾಡಿಸಿದಳು, ಕಣ್ಣು ತುಂಬಿಕೊಂಡಳು. "ನೀನಿಲ್ಲದೆ ನಾನು ಯಾರ ಹತ್ತಿರ ಜಗಳ ಆಡಲೇ, ಕುಪ್ಪಿ?" ಎಂದಳು. ಕುಪ್ಪಮ್ಮನಿಗೆ ಆ ಒಂದು ಮಾತಿಗೆ ಮಾತ್ರ ಮರುಮಾತು ಬರಲಿಲ್ಲ. ಅತ್ತೆಯ ಭುಜಕ್ಕೆ ತಲೆಯಿಟ್ಟು ಅತ್ತಳು.

ಆಮೇಲೆ ಅದೇ ಮರಳ ಮೇಲೆ ಒಲೆ ಹೂಡಿದರು. ರಾಜಕುಮಾರ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡ. "ರಾಜಕುಮಾರನಂತೆ! ಒಲೆ ಉರಿಸೋಕೆ ಬರೋಲ್ಲ" ಎಂದಳು ಅಜ್ಜಿ. ಎಲ್ಲರೂ ಉಂಡರು. ಅಜ್ಜಿ ಮೊದಲ ಗುಟುಕಿಗೇ, "ಉಪ್ಪಿಲ್ಲ" ಎಂದಳು. "ಬೆಳಿಗ್ಗೆಯಿಂದ ಅತ್ತದ್ದು ಸಾಲಲಿಲ್ವಾ ಅತ್ತೆ? ಅದನ್ನೇ ಬೆರೆಸಿಕೊಳ್ಳಿ" ಎಂದಳು ಸೊಸೆ. ಮರುದಿನ ಆ ದಡದಲ್ಲಿ ಉಳಿದಿದ್ದ ಹಳೆಯ ಹಡಗು ದೋಣಿಗಳನ್ನು ಹತ್ತಿ ಎಲ್ಲರೂ ತೆರೆನಾಡು ಮುಟ್ಟಿದರು. ರಾಜ ಮಗನನ್ನು ಕಂಡು ಕುಣಿದಾಡಿದ, ಡಂಗುರ ಹಿಂತೆಗೆದುಕೊಂಡ, ಊರಿಗೆಲ್ಲ ಊಟ ಹಾಕಿಸಿದ. ಹೋದವರು ಬಂದ ಮನೆಗಳಲ್ಲಿ ದೀಪ ಹತ್ತಿತು. ಎಲ್ಲರೂ ಸುಖವಾಗಿ ಬಾಳಿದರು.

ಜಟ್ಟಪ್ಪನ ಜಂಬ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಆದರೆ ಅಂದಿನಿಂದ ಅವನ ಬಲೆ ದಡಕ್ಕೆ ಬಂದಾಗಲೆಲ್ಲ, ಹಂಚುವ ಕೆಲಸ ಅಜ್ಜಿಯದು. ಎಲ್ಲರಿಗೂ ಹಂಚಿ ಆದ ಮೇಲೆ ಅವನು ಒಂದು ಬೂತಾಯಿಯನ್ನು ಮರಳ ಮೇಲೆ ಬೇರೆಯಾಗಿ ಇಡುತ್ತಿದ್ದ, ತಾನು ಕಾಣದ ಬೆರಳು ಯಾವುದಾದರೂ ಹಗ್ಗ ಮುಟ್ಟಿದ್ದರೆ ಇರಲಿ ಎಂದು. ಯಾರೂ ಬರದಿದ್ದರೆ ಅದು ಕಾಗೆಗೆ.

ನನ್ನ ಬಲೆಯೂ ದಡ ಮುಟ್ಟಿತು. ಹೂಂ ಅಂದವರೆಲ್ಲ ಹಗ್ಗ ಎಳೆದವರೇ, ಬನ್ನಿ, ನಿಮ್ಮ ನಿಮ್ಮ ಪಾಲು ತಗೊಂಡು ಹೋಗಿ. ನಡುವೆ ಒಂದೇ ಒಂದು ಸಲ ಹೂಂ ಅಂದು ತೂಕಡಿಸಿದವನು ಅಲ್ಲಿ ಮೂಲೆಯಲ್ಲಿದ್ದಾನಲ್ಲ, ಅವನನ್ನೂ ಎಬ್ಬಿಸಿ. ಅವನಿಗೂ ಉಂಟು.